ಓದುವ ಸರದಿ

ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದಲ್ಲಿ ಒಂದು ಹುದ್ದೆ ಖಾಲಿಯಿತ್ತು. ಪುಟ್ಟ ಮಕ್ಕಳಿಗೆ ಓದು ಕಲಿಸುವುದು ಹೇಗೆಂದು ನಾಳೆಯ ಶಿಕ್ಷಕರಿಗೆ ಹೇಳಿಕೊಡುವ ಕೆಲಸ. ಸಂದರ್ಶನಕ್ಕೆ ಬಂದ ಚಂದ್ರಕಲಾಳನ್ನು ನೋಡಿ ಸಮಿತಿಯ ಅಧ್ಯಕ್ಷರು ನಕ್ಕರು.

“ಅಲ್ಲಮ್ಮಾ, ಅಕ್ಷರ ತೋರಿಸಿದ್ರೆ ಮಕ್ಕಳು ತಾವೇ ಓದ್ಕೋತವೆ. ಇದರಲ್ಲಿ ಹೇಳಿಕೊಡೋಕೆ ಏನಿದೆ?”

ಕೆಲಸ ಕೈತಪ್ಪಿತೆಂದೇ ಅವಳಿಗೆ ಅನ್ನಿಸಿತು. ಆದದ್ದಾಗಲಿ ಎಂದು ಎದ್ದವಳು, ತಾನೇ ಸೃಷ್ಟಿಸಿದ ಕೆಲವು ಹೊಸ ಅಕ್ಷರಗಳನ್ನು ಹಲಗೆಯ ಮೇಲೆ ಬರೆದಳು. ಒಂದೊಂದನ್ನೂ ಉಚ್ಚರಿಸಿ, ಎಲ್ಲರಿಂದಲೂ ಹೇಳಿಸಿ, ಒರೆಸಿಬಿಟ್ಟಳು. ಆಮೇಲೆ ಅವೇ ಅಕ್ಷರಗಳಲ್ಲಿ ಒಂದು ಸಾಲು ಬರೆದಳು.

“ಈಗ ಒಬ್ಬೊಬ್ಬರಾಗಿ ಓದಿ, ಸರ್.”

ಮೊದಲ ಪ್ರಾಧ್ಯಾಪಕರು ತೊದಲಿ ಕೂತರು. ಎರಡನೆಯವರು ಪಕ್ಕದವರು ಗೀಚಿಕೊಂಡಿದ್ದ ಹಾಳೆಯತ್ತ ಇಣುಕಿದರು. ಪಕ್ಕದವರು ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

“ಈಗ ನಿಮ್ಮ ಸರದಿ, ಅಧ್ಯಕ್ಷರೇ. ತಪ್ಪಾದ್ರೂ ಪರವಾಗಿಲ್ಲ, ಓದಿ.”

ಅಧ್ಯಕ್ಷರು ಹಲಗೆ ನೋಡಿದರು. ಬಾಗಿಲು ನೋಡಿದರು. ಹಣೆಯ ಬೆವರು ಒರೆಸಿಕೊಂಡು ಮೆಲ್ಲನೆ ಎದ್ದು ನಿಂತು, ಕಿರುಬೆರಳು ಎತ್ತಿದರು.

“ಮಿಸ್, ಒಂದಕ್ಕೆ ಹೋಗಿ ಬರ್ಲಾ?”