ಹೆಬ್ಬೆಟ್ಟು

"ಅಕ್ಕಾ, ಈ ನೀಲಿ ಸುಳಿ ನಾನು ಬರೆದದ್ದಲ್ಲ," ಎಂದ ಚಿತ್ರಕಾರ, ಪ್ರದರ್ಶನಕ್ಕೆ ಹೊರಟಿದ್ದ ರತ್ನಗಂಬಳಿಯ ಮೂಲೆಯಲ್ಲಿ ಬೆರಳಿಟ್ಟು. ಅದನ್ನು ನೇಯ್ದವಳು ಹತ್ತಿರ ಬಂದು ಬಗ್ಗಿ ನೋಡಿದಳು.

"ನಿಮ್ಮ ಚಿತ್ರದಲ್ಲೇ ಇತ್ತು ಸಾರ್. ಚಿಕ್ಕದಿತ್ತು, ದೊಡ್ಡದು ಮಾಡಿ ಗೆರೆ ಗೆರೆ ಎಣಿಸಿ ಹಾಕಿದೀನಿ," ಎನ್ನುತ್ತ ಅವನು ಕೊಟ್ಟಿದ್ದ ಹಾಳೆಯನ್ನು ಬಿಡಿಸಿ ಹಿಡಿದಳು. ನೂಲಿನ ನೀಲಿ ಹತ್ತಿದ ಅವಳ ಹೆಬ್ಬೆರಳು ನೇರ ಹೋಗಿ ಆ ಗುರುತಿನ ಮೇಲೆಯೇ ಕೂತಿತು, ಅಚ್ಚು ಹೊಯ್ದಂತೆ.

ಹಾಳೆ ಮುಟ್ಟಿ ತಾನೇ ಮಾಡಿದ ಕಲೆಯನ್ನು ತಾನೇ ನಾಲ್ಕು ದಿನ ಕೂತು ನೇಯ್ದಿದ್ದಳು. "ಮನೇಲಿ ನನ್ನನ್ನ ಹೆಬ್ಬೆಟ್ಟು ಅಂತ ಆಡ್ಕೊಳ್ಳೋದು ಸುಮ್ನೆ ಅಲ್ಲ. ಬಿಚ್ಚಿ ಮತ್ತೆ ನೇಯ್ತೀನಿ," ಎಂದು ಕತ್ತರಿಗೆ ಕೈ ಹಾಕಿದಳು.

ಅವನು ಕತ್ತರಿಯನ್ನು ದೂರ ಸರಿಸಿದ. "ಆ ಮೂಲೇಲಿ ನನ್ನ ರುಜು, ಈ ಮೂಲೇಲಿ ನಿಮ್ಮದು. ಇಬ್ಬರದೂ ಬಿದ್ದಾದ ಮೇಲೆ ಬಿಚ್ಚೋದೇನು?"