ಟೋಬಿಯ ರಿಲೀಸ್

ಕೆಳಗೆ ಯಾರದೋ ಗಾಡಿಗೆ ಅಡ್ಡವಾಗಿದ್ದ ತನ್ನ ಕಾರನ್ನು ಸರಿಸಿ ಝುಬೈರ್ ವಾಪಸು ಮೇಲೆ ಬರಲು ಹಿಡಿದದ್ದು ಹತ್ತೇ ನಿಮಿಷ. ಅಷ್ಟರಲ್ಲಿ ಅವನ ಮಾವ ಅಲಿಕುಂಞಿ ಟೋಬಿಯನ್ನು ಕಳಿಸಿಬಿಟ್ಟಿದ್ದರು.

ಟೋಬಿ ಎಂದರೆ ಲ್ಯಾಪ್‌ಟಾಪಿನೊಳಗಿನ ಹುಡುಗ. ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಆಗುವ ಆಟವೊಂದಿದೆ, ಅದರಲ್ಲಿ ಝುಬೈರನ ತಂಡಕ್ಕೆ ಗೋಲು ಹೊಡೆದುಕೊಡುವವನು. ಈ ಆಟದಲ್ಲಿ ಚೆಂಡು ಒದೆಯುವ ಭಾಗ್ಯ ಮಾತ್ರ ಇಲ್ಲ. ಆಟಗಾರರನ್ನು ಕೊಳ್ಳಬೇಕು, ಮಾರಬೇಕು, ಮುನಿಸಿಕೊಂಡವರನ್ನು ಕರೆದು ಸಮಾಧಾನ ಹೇಳಬೇಕು, ಪತ್ರಕರ್ತರ ತಲೆಹರಟೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇಷ್ಟೆಲ್ಲ ಮಾಡಿ ಪಂದ್ಯದ ದಿನ ಕೈಕಟ್ಟಿ ಕೂತು, ತೊಂಬತ್ತಮೂರನೇ ನಿಮಿಷದಲ್ಲಿ ಚೆಂಡು ಬಿಟ್ಟುಕೊಟ್ಟ ಗೋಲ್‌ಕೀಪರನಿಗೆ ಶಾಪ ಹಾಕಬೇಕು. ದಿನವಿಡೀ ಆಫೀಸಿನಲ್ಲಿ ಇದನ್ನೇ ಮಾಡುವ ಮನುಷ್ಯ ಮನೆಗೆ ಬಂದು ಮತ್ತೆ ಅದನ್ನೇ ಯಾಕೆ ಮಾಡುತ್ತಾನೆ ಎಂಬುದು ಹೆಂಡತಿ ಶಾಹಿನಳಿಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಆಫೀಸಿನಲ್ಲಿ ಝುಬೈರನ ಮಾತನ್ನು ಯಾರೂ ಕೇಳುವುದಿಲ್ಲ. ಇಲ್ಲಿ ನಾಲ್ಕನೇ ದರ್ಜೆಯಲ್ಲಿ ಕೊಳೆಯುತ್ತಿದ್ದ ತಂಡವನ್ನು ಏಳು ಸೀಸನ್‌ಗಳಲ್ಲಿ ಮೊದಲನೇ ದರ್ಜೆಗೆ ಎತ್ತಿ ತಂದವನು ಅವನು. ಹದಿನಾರರ ಟೋಬಿಯನ್ನು ಬೆಂಚಿನಿಂದ ಎಬ್ಬಿಸಿ ಆಟಗಾರನನ್ನಾಗಿ ಮಾಡಿದವನೂ ಅವನೇ. ಇನ್ನೊಂದೇ ವರ್ಷ ಟೋಬಿ ನಿಂತಿದ್ದರೆ ಕಪ್ ಕೈಗೆ ಬಂದ ಹಾಗೇ ಇತ್ತು.

ಆ ಶನಿವಾರ ಮಧ್ಯಾಹ್ನ, ಆಟದೊಳಗೆ ಆಟಗಾರರನ್ನು ಕೊಳ್ಳುವ ಮಾರುವ ಕೊನೆಯ ದಿನ ನಡೆಯುತ್ತಿತ್ತು. ಗಂಟೆಗಳನ್ನು ಮುಂದೆ ತಳ್ಳಲು ಒಂದು ಗುಂಡಿ ಒತ್ತುತ್ತಿರಬೇಕು. ಅಲಿಕುಂಞಿ ಮೂವತ್ತಾರು ವರ್ಷಗಳ ದುಬೈ ವಾಸ ಖಲಾಸ್ ಮಾಡಿ, ಊರಿಗೆ ಹೊರಡುವ ಮುಂಚೆ ಎರಡು ವಾರ ಮಗಳ ಮನೆಯಲ್ಲಿರಲೆಂದು ಅಬುಧಾಬಿಗೆ ಬಂದವರು. ಎರಡೂ ವಾರ ಅಳಿಯನ ಪಕ್ಕದಲ್ಲಿ ಕೂತು ಖರ್ಜೂರ ತಿನ್ನುತ್ತ ಈ ಆಟವನ್ನೇ ನೋಡಿದ್ದರು. ಕಾರು ತೆಗೆಯಿರೆಂದು ಕೆಳಗಿನಿಂದ ಫೋನ್ ಬಂದಾಗ, ಅಷ್ಟು ಹೊತ್ತು ತಾನು ಒತ್ತುತ್ತೇನೆ ಎಂದರು. ಒತ್ತಲಿ, ಹಿರಿಯರಿಗೊಂದು ಸಂತೋಷ ಎಂದು ಝುಬೈರ್ ಬಿಟ್ಟುಹೋಗಿದ್ದ. ಬಂದು ನೋಡಿದರೆ ಟೋಬಿಯ ಹೆಸರು ಪಟ್ಟಿಯಲ್ಲೇ ಇಲ್ಲ. ಕೈಬಿಟ್ಟದ್ದನ್ನು ಹಿಂದೆ ಪಡೆಯುವ ದಾರಿಯೂ ಇಲ್ಲ, ಏಕೆಂದರೆ ನಿಜವಾದ ಮ್ಯಾನೇಜರರ ಹಾಗೆ ಆಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಆ ದಾರಿಯನ್ನು ಆಟದ ಸೆಟ್ಟಿಂಗಿನಲ್ಲಿ ಮೊದಲ ದಿನವೇ ಮುಚ್ಚಿಸಿಕೊಂಡಿದ್ದ. ಝುಬೈರನಿಗೆ ಮೈಯೆಲ್ಲ ಉರಿದುಹೋಯಿತು.

“ಎಂತ ಮಾವ ಇದು? ಗಿರಾಕಿ ಬಂದ ಅಂತ ಕೊಟ್ಟುಬಿಡುವುದಾ? ಇದು ದುಬೈಯ ನೈಫ್ ಬಜಾರಿನ ನಿಮ್ಮ ಅಂಗಡಿ ಅಲ್ಲ.”

“ಗಿರಾಕಿಯನ್ನು ನಾನು ನೋಡಲೇ ಇಲ್ಲ” ಎಂದರು ಅಲಿಕುಂಞಿ. “ಹುಡುಗ ಬಂದು ಕೇಳಿದ. ನೀನು ಮಾತು ಕೊಟ್ಟಿದ್ದಿಯಂತೆ.”

ಕೊಟ್ಟದ್ದು ನಿಜ. ದೊಡ್ಡ ತಂಡದವರು ಕರೆದರೆ ತಡೆಯುವುದಿಲ್ಲ ಎಂದು ಎರಡು ಸೀಸನ್ ಹಿಂದೆ ಝುಬೈರ್ ಹೇಳಿದ್ದ. ಹುಡುಗನ ಮುಖ ಊದಿಕೊಂಡಿತ್ತು, ಪರದೆಯ ಮೇಲೆ ನಾಲ್ಕು ಉತ್ತರಗಳಿದ್ದವು, ಮುನಿಸು ಇಳಿಯಲಿ ಎಂದು ಒಂದನ್ನು ಒತ್ತಿದ್ದ. ಆಮೇಲೆ ಐದು ದೊಡ್ಡ ತಂಡಗಳು ಕರೆದವು, ಐದಕ್ಕೂ ಇಲ್ಲ ಎಂದ. ಇವತ್ತು ಆರನೆಯದೊಂದು ತಂಡ ಕರೆದಾಗ ಟೋಬಿ ಮತ್ತೆ ಬಂದು, ಕೊಟ್ಟ ಮಾತು ಏನಾಯಿತು ಎಂದು ಕೇಳಿದ್ದ. ಇನ್‌ವಾಯ್ಸ್ ಓದಿ ಓದಿ ಕಲಿತ ಇಂಗ್ಲಿಷಿನಲ್ಲಿ ಮಾವ ಅದನ್ನು ಎರಡೆರಡು ಸಲ ಓದಿ, ಹೋಗಿ ಬಾ ಎಂದು ಒತ್ತಿದ್ದರು.

ಈ ಆಟದಲ್ಲಿ ಎಲ್ಲರೂ ಹಾಗೇ ಮಾಡುವುದು, ಮಾತು ಕೊಡುವುದೆಂದರೆ ಒಂದು ಗುಂಡಿ ಅಷ್ಟೇ ಎಂದು ಝುಬೈರ್ ಹಲ್ಲು ಕಚ್ಚಿಕೊಂಡು ವಿವರಿಸಿದ. ಅಲಿಕುಂಞಿ ಪೂರ್ತಿ ಕೇಳಿಸಿಕೊಂಡು, ಖರ್ಜೂರದ ಬೀಜವನ್ನು ತಟ್ಟೆಯ ಅಂಚಿಗಿಟ್ಟರು. ಆಮೇಲೆ, ಸ್ವಂತ ಅಂಗಡಿ ಇಡುವುದಕ್ಕೂ ಮೊದಲು ತಾನು ದುಬೈಯ ದೇರಾದಲ್ಲಿ ಒಬ್ಬ ಅರ್ಬಾಬನ ಕೈಕೆಳಗೆ ದುಡಿಯುತ್ತಿದ್ದ ಕಾಲದ ಸಂಗತಿ ಹೇಳಿದರು. ಒಳ್ಳೆಯ ಕಡೆಯಿಂದ ಕರೆ ಬಂದರೆ ರಿಲೀಸ್ ಪತ್ರ ಕೊಡುತ್ತೇನೆ ಎಂದು ಆ ಯಜಮಾನ ಮಾತು ಕೊಟ್ಟಿದ್ದ. ಅವನ ಸಹಿ ಇಲ್ಲದೆ ಬೇರೆ ಕಡೆ ಸೇರುವಂತಿಲ್ಲದ ದಿನಗಳು. ಶಾರ್ಜಾದ ಒಂದು ಕಂಪನಿ ಕರೆಯಿತು, ಹೆಂಡತಿ ಮಗುವಿಗೂ ವೀಸಾ ಕೊಡುತ್ತೇನೆ ಎಂದಿತು. ಬರುವ ವರ್ಷ ನೋಡೋಣ ಎಂದ ಯಜಮಾನ. ಮೂರು ವರ್ಷ ಹಾಗೇ ಹೇಳಿದ. ಕಂಪನಿಯವರು ಕಾದು ಕಾದು ಬೇರೆಯವನನ್ನು ತೆಗೆದುಕೊಂಡರು.

ಅಡುಗೆಮನೆಯ ಬಾಗಿಲಲ್ಲಿ ಶಾಹಿನ ಚಾ ಹಿಡಿದು ನಿಂತುಬಿಟ್ಟಿದ್ದಳು. ಒಂಬತ್ತು ವರ್ಷದವಳಾಗುವವರೆಗೆ ಅವಳು ತಂದೆಯನ್ನು ನೋಡಿದ್ದು ಎರಡು ವರ್ಷಕ್ಕೊಮ್ಮೆ, ಒಂದೊಂದು ತಿಂಗಳು. ದುಬೈಯಲ್ಲಿ ಮನೆ ಬಾಡಿಗೆ ಜಾಸ್ತಿ, ಅದಕ್ಕೇ ಕರೆಸಿಕೊಳ್ಳಲಿಲ್ಲ ಎಂದೇ ಅವಳಿಗೆ ಇಷ್ಟು ವರ್ಷ ಹೇಳಿದ್ದರು. ತಂದೆಗೆ ತಾವು ಬೇಡವಾಗಿದ್ದೆವು ಎಂಬ ಸಿಟ್ಟು ಅವಳಲ್ಲಿ ಪೂರ್ತಿ ಆರಿರಲಿಲ್ಲ. ಈಗ ಅವಳು ಚಾದ ಲೋಟವನ್ನು ತಂದೆಯ ಮುಂದಿಟ್ಟು, ಅವರ ಪಕ್ಕದಲ್ಲೇ ಕೂತಳು.

ಝುಬೈರನಿಗೆ ಅದು ಕಾಣಲಿಲ್ಲ. ಅವನ ಕಣ್ಣು ಇನ್ನೂ ಟೋಬಿಯಿಲ್ಲದೆ ಖಾಲಿಯಾದ ಒಂಬತ್ತನೇ ನಂಬರಿನ ಮೇಲಿತ್ತು. ಸೀಸನ್ ಶುರುವಾಗಲು ಉಳಿದದ್ದು ಎರಡೇ ಅಭ್ಯಾಸ ಪಂದ್ಯ, ಗೋಲು ಹೊಡೆಯುವವರು ಯಾರೂ ಇಲ್ಲ.

“ಅದು ಬೇರೆ, ಇದು ಬೇರೆ ಮಾವ” ಎಂದ, ತಲೆ ಚಚ್ಚಿಕೊಳ್ಳುವುದೊಂದು ಬಾಕಿ. “ಇವನು ಮನುಷ್ಯನೇ ಅಲ್ಲವಲ್ಲ.”

ಅಲಿಕುಂಞಿ ಲ್ಯಾಪ್‌ಟಾಪನ್ನು ಮೆಲ್ಲಗೆ ಅಳಿಯನ ಕಡೆಗೆ ತಿರುಗಿಸಿದರು.

“ನನ್ನ ಅರ್ಬಾಬನಿಗೂ ಹಾಗೇ ಕಂಡದ್ದು ಮೋನೇ.”