ತಿನ್ನಲು ಅಪ್ಪಣೆ

ಜೀವಕೋಶಗಳು ತಮ್ಮೊಳಗಿನ ಯಾವುದನ್ನೇ ತಿಂದು ಅರಗಿಸಿಕೊಳ್ಳಬೇಕಾದರೂ ದೇಹದ ಮಾಲೀಕನ ಅಪ್ಪಣೆ ಪಡೆಯಬೇಕೆಂಬ ಕಾನೂನು ಬಂದ ಮೇಲೆ, ಧಾರವಾಡದ ಆಸ್ಪತ್ರೆಗಳಲ್ಲಿ ಹಾಸಿಗೆಗೊಂದು ಮಾತಾಡುವ ಪೆಟ್ಟಿಗೆ ಇಟ್ಟಿದ್ದರು.

ನಿವೃತ್ತ ಹೆಡ್‌ಮಾಸ್ತರ ವಿರೂಪಣ್ಣನವರಿಗೆ ನ್ಯುಮೋನಿಯಾ ಆಗಿತ್ತು. ಪೆಟ್ಟಿಗೆ ವಿನಯದಿಂದ ಕೇಳಿತು: "ಸರ್, ನಾವು ನಿಮ್ಮ ಶ್ವಾಸಕೋಶದ ಜೀವಕೋಶಗಳು. ಒಳಗೆ ನುಗ್ಗಿರುವ ಬ್ಯಾಕ್ಟೀರಿಯಾಗಳನ್ನು ನಮ್ಮ ಹಳೇ ಮುರುಕು ಸಾಮಾನಿನ ಜೊತೆ ತಿಂದುಹಾಕಲೇ?"

"ಬ್ಯಾಕ್ಟೀರಿಯಾ ತಿನ್ರಿ. ನನ್ನ ಸಾಮಾನು ಮುಟ್ಟಬ್ಯಾಡ್ರಿ," ಎಂದರು ಮಾಸ್ತರು ಏದುಸಿರಿನಲ್ಲಿ. ಮುರಿದ ಕೊಡೆಯನ್ನೂ ಎಸೆಯದ ಮನುಷ್ಯ ಅವರು.

"ಎರಡನ್ನೂ ತಿನ್ನೋದು ಒಂದೇ ಬಾಯಿ, ಸರ್."

"ಹಂಗಾದ್ರ ಬ್ಯಾಡ."

ಸಂಜೆಗೆ ಅವರ ತುಟಿ ನೀಲಿಯಾಯಿತು, ಎಚ್ಚರ ತಪ್ಪಿತು. ಈಗ ಅಪ್ಪಣೆಯ ಹಕ್ಕು ಹೆಂಡತಿ ಶಾಂತವ್ವನದು. ಆಕೆ ಪೆಟ್ಟಿಗೆಗೆ ಬಾಯಿ ಹಚ್ಚಿ ಕೂಗಿದಳು: "ತಿನ್ರೆಪ್ಪಾ, ಹೊಟ್ಟಿ ತುಂಬ ತಿನ್ರಿ! ಮದಿವ್ಯಾದಾಗಿಂದ ಮನಿ ಸ್ವಚ್ಛ ಮಾಡಾಕ ನನಗಂತೂ ಬಿಟ್ಟಿಲ್ಲ." ಆಮೇಲೆ ಗಂಡನ ಸುಡುವ ಕೈ ಹಿಡಿದು ಅತ್ತಳು.

ಜ್ವರ ಇಳಿದು ಮಾಸ್ತರು ಕಣ್ಣು ಬಿಟ್ಟರು. ಎದೆ ತುಂಬ ಉಸಿರೆಳೆದುಕೊಂಡು ಮೊದಲು ಕೇಳಿದ್ದು, "ಏನೇನು ತಿಂದ್ವು?"

"ಎಲ್ಲಾ ಕಸ ತಿಂದಾವ್ರೀ," ಶಾಂತವ್ವ ಕಣ್ಣೊರೆಸಿಕೊಂಡಳು. "ನಿಮ್ಮ ಹಟ ಒಂದು ಬಿಟ್ಟಾವ. ಅದು ಅವಕ್ಕೂ ಅರಗಲಿಲ್ಲಂತ."